ಎಣಿಕೆಗೆ ಬಾರದ ಹಂಚುಗಳು

ಸುದ್ದಿ ಬಂದಾಗ ಡಾ. ಶಶಿಪ್ರಭಾ ಅಂಚನ್ ಹಾವೇರಿ ಹತ್ತಿರದ ಹಂಚಿನ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿದ್ದಳು. ಗಾಜಿನಾಚೆ ತಂಪು ಹಂಚುಗಳು ಕುಲುಮೆಯಿಂದ ಒಂದರ ಹಿಂದೊಂದು ಹೊರಬಂದು, ಕ್ಯಾಮೆರಾದ ಕೆಳಗೆ ಹಾದು, ಮನುಷ್ಯರ ಕೈ ಸೋಕದೆ ಲಾರಿ ಏರುತ್ತಿದ್ದವು. ಆ ಹಂಚನ್ನು ಕಂಡುಹಿಡಿದವಳು ಅವಳೇ. ಅದಕ್ಕಾಗಿ ಸ್ಥಾವರದ ಎಂಜಿನಿಯರ್ ಬಸವಂತ ಹುರಳಿಕುಪ್ಪಿ ಅವಳು ಬಂದಾಗಲೆಲ್ಲ ತನ್ನ ಕುರ್ಚಿಯನ್ನೇ ಒರೆಸಿ ಬಿಟ್ಟುಕೊಡುತ್ತಿದ್ದ.

“ಯಾದಗಿರಿ ಕಡೆಯಿಂದ ಒಂದು ದೂರು ಬಂದೈತ್ರಿ ಮೇಡಂ” ಎಂದ ಅವನು, ಪರದೆ ನೋಡುತ್ತ. “ಅಂಗನವಾಡಿ ಮ್ಯಾಗಿನ ಹಂಚು ಬಿದ್ದು ಸಹಾಯಕಿ ಹೆಗಲ ಎಲುಬು ಮುರದೈತಂತ. ಪುಣ್ಯಾ, ಹುಡುಗರೆಲ್ಲ ಹೊರಗ ಆಡಾಕ ಹೋಗಿದ್ದುವಂತ.”

“ಕಾರಣ ಏನು ಬರೆದಿದ್ದಾರೆ?”

“ಮಂಗ್ಯಾ. ಈ ವರ್ಷದ ಮೂವತ್ತೊಂದನೇ ಮಂಗ್ಯಾ.” ಬಸವಂತ ನಕ್ಕ. “ಹಿಂಗಾದ್ರ ನಮ್ಮ ಹಂಚಿಗಿಂತ ಮಂಗ್ಯಾನ ಉತ್ಪಾದನಾನ ಹೆಚ್ಚಾಗ್ತೈತಿ ನೋಡ್ರಿ.”

ದೂರು ದಾಖಲಿಸುವ ನಮೂನೆಯಲ್ಲಿ ಕಾರಣಕ್ಕೆ ನಾಲ್ಕೇ ಆಯ್ಕೆಗಳಿದ್ದವು: ಮಂಗ, ಮರದ ಕೊಂಬೆ, ಬಿರುಗಾಳಿ, ಕೆಲಸಗಾರರು ತುಳಿದದ್ದು. ಹಂಚಿನದೇ ದೋಷ ಎಂಬ ಐದನೆಯ ಆಯ್ಕೆ ಇರಲಿಲ್ಲ. ಆ ನಮೂನೆಯನ್ನು ಮಾಡಿಕೊಟ್ಟದ್ದು ಶಶಿಪ್ರಭಾಳ ಪ್ರಯೋಗಾಲಯ.

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಒಡೆದ ತುಂಡಿನ ಮೇಲಿನ ಬಿಳಿ ಪದರ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಒಂದೇ ಹಾಳೆಯಾಗಿ ಎದ್ದಿತ್ತು. ಅದರಡಿಯ ಕೆಂಪು ಮಣ್ಣಿನ ಮೇಲೆ ನೀರು ನಿಂತ ಕಪ್ಪು ಗೆರೆ. ಮಂಗ ಹಾರಿ ಒಡೆದ ಹಂಚಿನಲ್ಲಿ ಪದರ, ಮಣ್ಣು ಎರಡೂ ಒಟ್ಟಿಗೆ ಮುರಿಯುತ್ತವೆ. ಇದು ತಿಂಗಳುಗಟ್ಟಲೆ ಒಳಗೊಳಗೇ ಬಿಟ್ಟುಕೊಂಡ ಹಂಚು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಮೂವತ್ತೊಂದೂ ಚಿತ್ರ ನನಗೆ ಕಳಿಸು” ಎಂದಳು.

ಚಹಾ ಆರುವುದರೊಳಗೆ ನೋಡಿ ಮುಗಿಸಿದಳು. ಇಪ್ಪತ್ತಾರರಲ್ಲಿ ಸಿಪ್ಪೆ ಎದ್ದಿತ್ತು.

ತಂಪು ಹಂಚಿನ ತತ್ವ ಸರಳವಾದದ್ದು. ಬಿಸಿಯಾದ ಯಾವ ವಸ್ತುವಾದರೂ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಶಾಖವನ್ನು ಹೊರಬಿಡುತ್ತಿರುತ್ತದೆ. ಅದರಲ್ಲಿ ಹೆಚ್ಚಿನದನ್ನು ಗಾಳಿ ಹೀರಿಕೊಂಡು ನಮಗೇ ಹಿಂದಿರುಗಿಸುತ್ತದೆ. ಒಂದು ಕಿರಿದಾದ ಪಟ್ಟಿಯ ಕಿರಣಗಳನ್ನು ಮಾತ್ರ ತಡೆಯುವುದಿಲ್ಲ. ಅವು ನೇರ ಆಕಾಶ ದಾಟಿ ಹೋಗುತ್ತವೆ. ಶಶಿಪ್ರಭಾ ಹಂಚಿನ ಮೇಲೆ ಸುಟ್ಟು ಕೂಡಿಸಿದ ಬಿಳಿ ಪದರ ಬಿಸಿಲನ್ನು ಹಿಂದಕ್ಕೆ ಎಸೆದು, ತನ್ನ ಶಾಖವನ್ನು ಆ ಪಟ್ಟಿಯಲ್ಲೇ ಹೊರಗೆ ದಾಟಿಸುತ್ತಿತ್ತು. ಕರೆಂಟು ಬೇಡ, ನೀರು ಬೇಡ. ಮಂಗಳೂರಿನ ತೇವದ ಗಾಳಿಯಲ್ಲಿ ಕೋಣೆ ಮೂರು ಡಿಗ್ರಿ ತಣ್ಣಗಾದರೆ, ಕಲಬುರಗಿ, ಯಾದಗಿರಿಯ ಒಣಗಾಳಿಯಲ್ಲಿ ಎಂಟು ಡಿಗ್ರಿ. ಬೇಸಿಗೆಯಲ್ಲಿ ಪಾದರಸ ನಲವತ್ತಾರು ಮುಟ್ಟುವುದು ಮಾಮೂಲಾಗಿಹೋಗಿದ್ದ ಆ ವರ್ಷಗಳಲ್ಲಿ ಎಂಟು ಡಿಗ್ರಿ ಎಂದರೆ ಬದುಕು-ಸಾವಿನ ಅಂತರ.

ಪ್ರಯೋಗಾಲಯದಲ್ಲಿ ಗೆದ್ದದ್ದು ಕಾರ್ಖಾನೆಯಲ್ಲಿ ಗೆಲ್ಲಬೇಕಲ್ಲ? ಐದು ವರ್ಷದ ಹಿಂದೆ ಪ್ರಾಯೋಗಿಕ ತಯಾರಿಕೆಗೆ ಆರಿಸಿಕೊಂಡದ್ದು ಮಂಗಳೂರಿನ ನದಿ ದಂಡೆಯಲ್ಲಿ ಏದುಸಿರು ಬಿಡುತ್ತಿದ್ದ ಡೆಸಾ ಹಂಚಿನ ಕಾರ್ಖಾನೆಯನ್ನು. ಮೊದಲ ಕುಲುಮೆ ತೆರೆದ ದಿನ ಶಶಿಪ್ರಭಾ ಅಲ್ಲಿದ್ದಳು. ಕುಲುಮೆಯ ಬಾಯಿಗೂ ಗುಮಾಸ್ತರ ಮೇಜಿಗೂ ನಡುವೆ ಗೋಣಿ ಹಾಸಿ ಸೆರಫಿನ್ ಬಾಯಿ ಕುಳಿತಿದ್ದರು. ಹಂಚನ್ನು ಎಡಗೈಯ ಎರಡು ಬೆರಳಲ್ಲಿ ತೂಗುಬಿಟ್ಟು ಬಲಗೈಯ ನಡುಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುವುದು, ಬಲಕ್ಕೋ ಎಡಕ್ಕೋ ಇಡುವುದು. ಮೂವತ್ತೆಂಟು ವರ್ಷಗಳಿಂದ ಅವರ ಕೆಲಸ ಅದೊಂದೇ.

“ಇದೆಂತ ಬಾಯಮ್ಮ, ಚಂದ ಉಂಟಲ್ಲ ಈ ಹಂಚು? ಎಡಕ್ಕೆ ಯಾಕೆ ಇಟ್ರಿ?” ಎಂದು ಶಶಿಪ್ರಭಾ ಕೇಳಿದ್ದಳು.

“ಚಂದ ಉಂಟು. ಆದ್ರೆ ಸತ್ತಿದೆ” ಎಂದಿದ್ದರು ಬಾಯಿ. “ಕೇಳಿ. ಇದು ಟಣ್ ಹೇಳ್ತದೆ. ಇದು? ಟಪ್. ನಿಮ್ಮ ಬಿಳಿ ಬಣ್ಣ ಬಂದ ಮೇಲೆ ಸಾಯುವುದು ಸ್ವಲ್ಪ ಜಾಸ್ತಿ ಆಗಿದೆ ಡಾಕ್ಟ್ರಮ್ಮ. ಬೇಜಾರ ಮಾಡ್ಬೇಡಿ.”

ಸತ್ತ ಹಂಚುಗಳನ್ನು ಡೆಸಾ ಕಾರ್ಖಾನೆಯಲ್ಲಿ ಎಣಿಸುವ ಪದ್ಧತಿಯೇ ಇರಲಿಲ್ಲ. ಎಡಕ್ಕೆ ಇಟ್ಟದ್ದು ಕೆಲಸದವರ ಪಾಲು. ಸಂಜೆ ಹೋಗುವಾಗ ತಲೆಯ ಮೇಲೆ ನಾಲ್ಕೋ ಆರೋ ಹೊತ್ತುಕೊಂಡು ಹೋಗುತ್ತಿದ್ದರು. ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಬಲಕ್ಕೆ ಇಟ್ಟದ್ದು ಮಾತ್ರ ಗುಮಾಸ್ತರ ಮೇಜಿಗೆ ಬಂದು ಪುಸ್ತಕ ಸೇರುತ್ತಿತ್ತು. ಹೀಗಾಗಿ ನಾಲ್ಕು ತಿಂಗಳ ಪರೀಕ್ಷಾವಧಿಯಲ್ಲಿ ಕುಲುಮೆಯಿಂದ ಹೊರಬಂದ ಹಂಚು ಸುಮಾರು ಹನ್ನೆರಡು ಸಾವಿರದ ಎಂಟುನೂರಾದರೆ, ಪುಸ್ತಕದಲ್ಲಿದ್ದದ್ದು ಹನ್ನೊಂದು ಸಾವಿರದ ನಾನೂರು. ಅವುಗಳಲ್ಲಿ ಕಣ್ಣಿಗೆ ಕಾಣುವ ದೋಷವಿದ್ದವು ನೂರ ಅರವತ್ತು. ಯಶಸ್ಸಿನ ಪ್ರಮಾಣ ಶೇಕಡಾ ತೊಂಬತ್ತೆಂಟೂವರೆಗೂ ಮೇಲೆ! ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಡುವ ಮಂಡಳಿಯವರು ಚಪ್ಪಾಳೆ ತಟ್ಟಿದ್ದರು. ಐದುನೂರು ಬಾರಿ ಕಾಯಿಸಿ, ತಣಿಸಿ, ನೆನೆಸಿ ನೋಡಿದ ಬಾಳಿಕೆಯ ಪರೀಕ್ಷೆಯಲ್ಲೂ ಒಂದೇ ಒಂದು ಹಂಚು ಬಿರುಕು ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಪರೀಕ್ಷೆಗೆ ಬಂದದ್ದೆಲ್ಲ ಬಾಯಿ ಬಲಕ್ಕೆ ಇಟ್ಟವು.

ಇದು ಶಶಿಪ್ರಭಾಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು, ಅಷ್ಟು ಮುಖ್ಯ ಎಂದು ಅನ್ನಿಸಿರಲಿಲ್ಲ. ಹೀಗೆಂದು ಅವಳು ನಾಲ್ಕು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಆದರೆ ಮುಖ್ಯ ಎಂದು ಅನ್ನಿಸಿದ ಒಂದು ಗಳಿಗೆ ಇತ್ತು. ತಂತ್ರಜ್ಞಾನ ಸಿದ್ಧತೆಯ ಘೋಷಣಾಪತ್ರ ತುಂಬುತ್ತಿದ್ದಾಗ ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: ‘ಈ ಪ್ರಕ್ರಿಯೆಯ ಯಾವುದೇ ಹಂತ ನಿರ್ದಿಷ್ಟ ವ್ಯಕ್ತಿಯ ಕೌಶಲವನ್ನು ಅವಲಂಬಿಸಿದೆಯೇ?’ ಹೌದು ಎಂದರೆ ಕಡತ ಸಿದ್ಧತೆಯ ಎಂಟನೆಯ ಹಂತದಿಂದ ಆರಕ್ಕೆ ಇಳಿದು ಮತ್ತೊಂದು ವರ್ಷದ ಅಧ್ಯಯನ. ಬೇರೆ ಎರಡು ದೇಶಗಳ ಪ್ರಯೋಗಾಲಯಗಳು ಅದೇ ಪದರದ ಹಿಂದೆ ಬಿದ್ದಿದ್ದವು. ಒಂದು ವರ್ಷ ತಡವಾದರೆ ಪೇಟೆಂಟ್ ಅವರದು. ನಮ್ಮ ಹಂಚಿಗೆ ನಾವೇ ಅವರ ಅನುಮತಿ ಬೇಡುವ ಗತಿ. ದೇಶದ ಸಂಶೋಧನೆ ಕಪಾಟಿನಲ್ಲಿ ಕೊಳೆಯುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ಅವಳು ಪೆನ್ನು ಹಿಡಿದು ಎರಡು ನಿಮಿಷ ಕುಳಿತಿದ್ದಳು. ಆಮೇಲೆ ‘ಇಲ್ಲ’ ಎಂದು ಬರೆದಳು.

ಭಾನುವಾರ ಮಂಗಳೂರಿನ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಯಶೋಧರ ಮೀನಿನ ಮುಳ್ಳು ಬಿಡಿಸುತ್ತ ಅವಳ ಮುಖ ನೋಡಿದ. ಅವನು ಬಂದರಿನಲ್ಲಿ ಹಡಗುಗಳನ್ನು ದಡಕ್ಕೆ ತರುವ ಪೈಲಟ್. ಯಾವ ನೀರಿನ ಅಡಿಯಲ್ಲಿ ಮರಳುದಿಬ್ಬ ಇದೆಯೆಂದು ಹೇಳಬಲ್ಲವನು.

“ಎಂತ ಆಯ್ತು ನಿಂಗೆ? ಸಾರಿಗೆ ಉಪ್ಪು ಹಾಕ್ಲಿಲ್ಲ. ನಾನು ಹೇಳ್ಲಿಲ್ಲ. ನೀನೂ ತಿಂತಾ ಇದ್ದಿ.”

ಅವಳು ಹೇಳಿದಳು. ಎಲ್ಲವನ್ನೂ ಅಲ್ಲ, ಸ್ಥಾವರದಲ್ಲಿ ಏನೋ ತೊಂದರೆ ಇದೆ, ಹಂಚು ಬಿಟ್ಟುಕೊಳ್ಳುತ್ತಿವೆ ಎಂದಷ್ಟೇ.

ಅವನು ತಲೆಯೆತ್ತಿ ಮಾಡು ನೋಡಿದ. ಅವರ ಮನೆಯ ಮೇಲಿದ್ದದ್ದೂ ತಂಪು ಹಂಚೇ. ಪ್ರಾಯೋಗಿಕ ತಯಾರಿಕೆಯದ್ದು; ಕಾರ್ಖಾನೆಯ ಮಾಲೀಕ ಡೆಸಾ ಅವರು ಸಂತೋಷದಿಂದ ಕೊಟ್ಟದ್ದು.

“ನಮ್ಮದು ಬೀಳ್ತದಾ ಹಾಗಾದ್ರೆ?”

“ಇಲ್ಲ” ಎಂದಳು ಶಶಿಪ್ರಭಾ. “ನಮ್ಮದು ಬೀಳುವುದಿಲ್ಲ.”

ಎಷ್ಟು ಖಚಿತವಾಗಿ ಹೇಳಿದಳೆಂದರೆ ಅವಳ ಕೈ ತಟ್ಟೆಯಲ್ಲೇ ನಿಂತಿತು. ತನ್ನ ತಲೆಯ ಮೇಲಿನ ಒಂದೊಂದು ಹಂಚನ್ನೂ ಸೆರಫಿನ್ ಬಾಯಿ ತಟ್ಟಿ ನೋಡಿದ್ದಾರೆ. ಬೇರೆಯವರ ತಲೆಯ ಮೇಲಿರುವುದನ್ನು ಯಾರೂ ನೋಡಿಲ್ಲ. ನಾಲ್ಕು ಸಾವಿರದ ಇನ್ನೂರು ಅಂಗನವಾಡಿಗಳು, ಇಪ್ಪತ್ತೊಂದು ಲಕ್ಷ ಹಂಚು.

ಬುಧವಾರ ಅವಳು ಯಾದಗಿರಿ ಜಿಲ್ಲೆಯಲ್ಲಿ, ಹಂಚು ಬಿದ್ದ ಹಿರೇಬನ್ನಿಯ ಅಂಗನವಾಡಿಯಲ್ಲಿದ್ದಳು. ಸಹಾಯಕಿ ದೇವಕ್ಕ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಎಡಗೈಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. ಹೊರಗೆ ನಲವತ್ತಮೂರು ಡಿಗ್ರಿ. ಒಳಗೆ ಇಪ್ಪತ್ತೆರಡು ಮಕ್ಕಳು ಚಾಪೆಯ ಮೇಲೆ ಕೈಕಾಲು ಚಾಚಿ ಮಲಗಿದ್ದವು. ಹಂಚು ಬಿದ್ದ ಜಾಗದ ತೂತಿಗೆ ಪ್ಲಾಸ್ಟಿಕ್ ಚೀಲ ತುರುಕಿತ್ತು.

“ರಜೆ ಹಾಕಬಾರದಾಗಿತ್ತೇನಮ್ಮ?”

“ನಾ ರಜಾ ಹಾಕಿದ್ರ ಇವಿಷ್ಟೂ ನಿಮ್ಮ ಮನಿಗೆ ಬರ್ತಾವ ನೋಡ್ರಿ, ನಡಿತೈತೇನ್?” ದೇವಕ್ಕ ನಕ್ಕಳು. ನಗುವಾಗ ಹೆಗಲು ನೋವಾಗಿ ಮುಖ ಕಿವುಚಿದಳು.

“ಮಂಗ ಬಂದಿತ್ತಂತೆ?”

“ಯಾ ಮಂಗ್ಯಾರಿ? ಈ ಊರಾಗ ಹತ್ತಾಕ ಒಂದು ಗಿಡಾ ಇಲ್ಲ, ಮಂಗ್ಯಾ ಎಲ್ಲಿಂದ ಬರ್ಬೇಕು? ಫೋನಿನ್ಯಾಗ ಕೇಳಿದ್ರು, ಮಂಗ್ಯಾನೋ ಗಾಳಿನೋ ಹೇಳಂತ. ಗಾಳಿ ಅಂದೆ. ಗಾಳಿಗಾದ್ರ ತಹಶೀಲ್ದಾರ್ ಕಾಗದ ಬೇಕಂದ್ರು. ಹಂಗಾರ ಮಂಗ್ಯಾನ ಬರ್ಕೋರಿ ಅಂದೆ.”

ಶಶಿಪ್ರಭಾ ಮಾಡು ನೋಡುತ್ತ ನಿಂತಳು. ಕೆಳಗಿನಿಂದ ಎಲ್ಲ ಹಂಚೂ ಒಂದೇ ರೀತಿ ಕಾಣುತ್ತಿದ್ದವು. ಯಾವುದು ಬದುಕಿದ್ದು, ಯಾವುದು ಸತ್ತದ್ದು ಎಂದು ಅವಳ ಹದಿನೇಳು ವರ್ಷದ ಸಂಶೋಧನೆಗೆ ಗೊತ್ತಾಗುವಂತಿರಲಿಲ್ಲ.

“ನೀವು ಹಂಚಿನ ಆಫೀಸಿನವ್ರಾ?” ದೇವಕ್ಕ ದನಿ ತಗ್ಗಿಸಿದಳು. “ಒಂದು ಮಾತ್ ಕೇಳ್ತೀನಿ, ನಡಸಿಕೊಡ್ರಿ ಯವ್ವಾ. ಒಂದು ಬಿತ್ತಂತ ಎಲ್ಲಾ ತಗದು ಒಯ್ಯಬ್ಯಾಡ್ರಿ. ಮೊದ್ಲ ತಗಡಿನ ಪತ್ರಾಸ ಇತ್ತು. ಬ್ಯಾಸಗಿಗೆ ಕೂಸುಗಳ ಮೈಯೆಲ್ಲ ಬೆವರುಸಾಲಿ, ಒಂದೂ ಕಣ್ಣು ಮುಚ್ತಿದ್ದಿಲ್ಲ. ಎರಡು ವರ್ಷದಿಂದ ನೋಡ್ರಿ ಹೆಂಗ ಮಕ್ಕೊಂಡಾವ.”

ಶಶಿಪ್ರಭಾ ಕಾರು ಹತ್ತಿದಳು.

ಸೆರಫಿನ್ ಬಾಯಿಯ ಮನೆ ಹುಡುಕಲು ಅರ್ಧ ದಿನ ಬೇಕಾಯಿತು. ಸ್ವಯಂಚಾಲಿತ ಸ್ಥಾವರಗಳು ಬಂದ ವರ್ಷವೇ ಡೆಸಾ ಕಾರ್ಖಾನೆ ಮುಚ್ಚಿತ್ತು. ತನ್ನಲ್ಲಿ ಹುಟ್ಟಿದ ಹಂಚಿನ ಎದುರು ಅದಕ್ಕೆ ನಿಲ್ಲಲಾಗಲಿಲ್ಲ. ಬಾಯಿ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು.

“ಓ, ಡಾಕ್ಟ್ರಮ್ಮ! ನಾನು ಸತ್ತಿದ್ದೇನಾ ಅಂತ ನೋಡ್ಲಿಕ್ಕೆ ಬಂದದ್ದಾ? ತಟ್ಟಿ ನೋಡಿ, ಇನ್ನೂ ಟಣ್ ಹೇಳ್ತೇನೆ.”

ಪಿಕಪ್ ಗಾಡಿಯಲ್ಲಿ ಹಾವೇರಿಯಿಂದ ತರಿಸಿದ ನೂರು ಹಂಚು ಇದ್ದವು. ಕ್ಯಾಮೆರಾ ಪಾಸು ಮಾಡಿದವು, ಭಾರ ಹೇರಿ ನೋಡಿದವು, ಮುದ್ರೆ ಬಿದ್ದವು. ತಟ್ಟಿ ನೋಡಬೇಕು ಎಂದಳು ಶಶಿಪ್ರಭಾ. ಯಾಕೆಂದು ಬಾಯಿ ಕೇಳಲಿಲ್ಲ. ಸೀರೆ ಸಿಕ್ಕಿಸಿಕೊಂಡು ಕುಳಿತರು. ಗೆಣ್ಣಿನ ಮೇಲಿನ ಜಡ್ಡು ಇನ್ನೂ ಹಾಗೇ ಇತ್ತು. ಮೊದಲ ಏಳು ಬಲಕ್ಕೆ ಹೋದವು. ಎಂಟನೆಯದು ಎಡಕ್ಕೆ. ಮುಕ್ಕಾಲು ಗಂಟೆಯಲ್ಲಿ ಎಡಗಡೆ ಹನ್ನೊಂದು ಹಂಚು ಸೇರಿದವು.

ಮರುದಿನ ಪ್ರಯೋಗಾಲಯದಲ್ಲಿ ನೂರನ್ನೂ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಎಡಗಡೆಯ ಹನ್ನೊಂದರಲ್ಲೂ ಪದರಕ್ಕೂ ಮಣ್ಣಿಗೂ ನಡುವೆ ಕೂದಲಿಗಿಂತ ತೆಳುವಾದ ಸೀಳು. ಬಲಗಡೆಯ ಎಂಬತ್ತೊಂಬತ್ತರಲ್ಲಿ ಒಂದರಲ್ಲೂ ಇಲ್ಲ. ಲೋಡಿನಿಂದ ಲೋಡಿಗೆ ಮಣ್ಣು ಬದಲಾಗುತ್ತದೆ. ಬೆಂದು ಆರುವಾಗ ಕುಗ್ಗುವ ಪ್ರಮಾಣವೂ ಬದಲಾಗುತ್ತದೆ. ಪದರ ಮಾತ್ರ ಒಂದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹೊಸದರಲ್ಲಿ ಸೀಳು ಭಾರಕ್ಕೆ ಜಗ್ಗುವುದಿಲ್ಲ. ಮಳೆ ನೀರು ಅದರೊಳಗೆ ಇಳಿದು, ಎರಡು ಬೇಸಿಗೆ ಹಗಲು ಕಾದು ಇರುಳು ತಣಿದ ಮೇಲೆ ಹಂಚು ಎರಡಾಗುತ್ತದೆ. ಎರಡು ಬೇಸಿಗೆ ಈಗ ತಾನೇ ತುಂಬುತ್ತಿದ್ದವು.

ಅವಳು ಮತ್ತೆ ಬಾಯಿಯ ಅಂಗಳಕ್ಕೆ ಹೋದಳು. ಫಲಿತಾಂಶ ಹೇಳಿದಳು. ಆಮೇಲೆ ಆ ಘೋಷಣಾಪತ್ರದ ಸಂಗತಿಯನ್ನೂ ಹೇಳಿದಳು. ಗಂಡನಿಗೂ ಹೇಳಿರದ ಮಾತು.

“ಅಂದ್ರೆ ನಾನು ಅಲ್ಲಿ ಇರ್ಲೇ ಇಲ್ಲ ಅಂತ ಬರೆದ್ರಾ?”

“ಹೌದು ಬಾಯಮ್ಮ.”

ಬಾಯಿ ಹಪ್ಪಳವೊಂದನ್ನು ಮಗುಚಿದರು. “ನಾನು ಇಲ್ಲದಿದ್ರೆ ಇಲ್ಲ, ಹೋಗ್ಲಿ. ಹೆಸ್ರು ಹಾಕಿ ನಂಗೆ ಆಗ್ಬೇಕಾದ್ದು ಎಂತ ಉಂಟು? ಆದ್ರೆ ನಾವು ಸತ್ತ ಹಂಚು ಮನೆಗೆ ತಂದದ್ದು ನಿಜ. ಹಾಕಿದ್ದು ಎಲ್ಲಿಗೆ? ಸೌದೆ ಕೊಟ್ಟಿಗೆಗೆ. ಬಚ್ಚಲಿಗೆ. ಅದರ ಅಡಿಯಲ್ಲಿ ಯಾರೂ ಮಲಗ್ಲಿಕ್ಕಿಲ್ಲ, ಅದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.” ಅವರು ತಲೆಯೆತ್ತಿದರು. “ನೀವು ಮಕ್ಕಳು ಮಲಗುವ ಜಾಗಕ್ಕೆ ಹಾಕಿದ್ರಲ್ಲ ಡಾಕ್ಟ್ರಮ್ಮ.”

ಮುಂದಿನ ವಾರದ ಬುಧವಾರ ಪ್ರಯೋಗಾಲಯದ ನಿರ್ದೇಶಕ ಡಾ. ಚಿದಂಬರ ತಲಕಾಡು ಅವಳ ವರದಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ದೇಶದ ಪ್ರಯೋಗಾಲಯಗಳಿಂದ ಒಂದು ವಸ್ತುವನ್ನು ಹೊರಗೆ ತಂದು ಮಾರುಕಟ್ಟೆ ಮುಟ್ಟಿಸಲು ಕೂದಲು ಹಣ್ಣು ಮಾಡಿಕೊಂಡವರು. ಇಪ್ಪತ್ತೆಂಟನೆಯ ತಾರೀಖು ಮೂರು ದೇಶಗಳಿಗೆ ತಂಪು ಹಂಚಿನ ತಂತ್ರಜ್ಞಾನ ಕೊಡುವ ಒಪ್ಪಂದಕ್ಕೆ ಸಹಿಯಾಗಬೇಕಿತ್ತು.

“ನೋಡಿ ಶಶಿಪ್ರಭಾ, ಪರಿಹಾರ ನೀವೇ ಕಂಡುಹಿಡಿದಿದ್ದೀರಿ. ಆ ಹೆಂಗಸು ಕಿವಿಯಲ್ಲಿ ಕೇಳುವುದನ್ನು ಒಂದು ಮೈಕು ಕೇಳುತ್ತದೆ. ಮುಂದಿನ ತಿಂಗಳೇ ಎಲ್ಲ ಸ್ಥಾವರಗಳಿಗೂ ಧ್ವನಿಪರೀಕ್ಷೆಯ ಯಂತ್ರ ಹಾಕಿಸೋಣ. ಸುಧಾರಿತ ಆವೃತ್ತಿ ಅಂತ ಹೇಳೋಣ. ಅದರಲ್ಲಿ ಸುಳ್ಳೇನಿದೆ?”

“ಈಗಾಗಲೇ ಮಾಡಿನ ಮೇಲಿರುವವು ಸಾರ್? ನೂರಕ್ಕೆ ಹನ್ನೊಂದು ಅಂದ್ರೆ ಎರಡು ಲಕ್ಷದ ಮೂವತ್ತು ಸಾವಿರ ಆಗ್ತದೆ.”

“ದುರಸ್ತಿ ಅಂತ ನಿಧಾನವಾಗಿ ಬದಲಾಯಿಸೋಣ. ಎರಡು ಮೂರು ವರ್ಷ.” ಅವರು ಕನ್ನಡಕ ತೆಗೆದರು. “ಈಗ ನೀವು ಘೋಷಣಾಪತ್ರ ಸುಳ್ಳು ಅಂತ ಬರೆದುಕೊಟ್ಟರೆ ಏನಾಗುತ್ತದೆ ಗೊತ್ತಲ್ಲ? ನಮ್ಮ ಹಿಂದೆ ಸಾಲಿನಲ್ಲಿ ಒಂಬತ್ತು ತಂತ್ರಜ್ಞಾನ ನಿಂತಿವೆ. ಒಂಬತ್ತನ್ನೂ ವಾಪಸು ಕಪಾಟಿಗೆ ಹಾಕುತ್ತಾರೆ. ಇನ್ನು ಹತ್ತು ವರ್ಷ ಯಾವ ಕಾರ್ಖಾನೆಯವನೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಬಿಸಿಲಿಗೆ ಸಾಯುವವರ ಲೆಕ್ಕವನ್ನೂ ಹಾಕಿ ನೋಡಿ. ಯೋಚನೆ ಮಾಡಿ.”

ಅವಳು ಯೋಚನೆ ಮಾಡಿದಳು. ತಪ್ಪು ಅಲ್ಲೇ ಆದದ್ದು. ಅವರ ಮಾತಿನಲ್ಲಿ ಹುರುಳಿತ್ತು. ದೇವಕ್ಕನ ಮಾತನ್ನು ನೆನಪು ಮಾಡಿಕೊಂಡರೆ ಇನ್ನಷ್ಟು ಹುರುಳು ಕಾಣುತ್ತಿತ್ತು. ಗುರುವಾರ, ಶುಕ್ರವಾರ, ಶನಿವಾರ ಮೈಕಿನ ನಕ್ಷೆ ಬರೆಯುವುದರಲ್ಲಿ ಕಳೆದಳು. ಕೆಲಸ ಚೆನ್ನಾಗಿ ಸಾಗಿತು. ಬಾಯಿ ತಟ್ಟಿದ ಸದ್ದನ್ನು ಅಲೆಗಳಾಗಿ ಬಿಡಿಸಿದಾಗ ಸತ್ತ ಹಂಚು ಎಷ್ಟು ಸ್ಪಷ್ಟವಾಗಿ ಬೇರೆ ಕಂಡಿತೆಂದರೆ ಅವಳಿಗೆ ಖುಷಿಯೂ ಆಯಿತು. ಭಾನುವಾರ ಸಾರಿಗೆ ಉಪ್ಪು ಸರಿಯಾಗಿತ್ತು.

ಸೋಮವಾರ ಬೆಳಿಗ್ಗೆ ಬಸವಂತನ ಸಂದೇಶ ಬಂತು. ಈ ಬಾರಿ ತಮಾಷೆ ಇರಲಿಲ್ಲ. ರಾಯಚೂರು ಜಿಲ್ಲೆ. ಕಾರಣ: ಮಂಗ. ಗಾಯಗೊಂಡವರು: ಸಾಬಮ್ಮ, ವಯಸ್ಸು ನಾಲ್ಕು. ಹಣೆಗೆ ಒಂಬತ್ತು ಹೊಲಿಗೆ. ಎಡಗಣ್ಣು ನೋಡಲು ಕಲಬುರಗಿಗೆ ಕರೆದೊಯ್ದಿದ್ದಾರೆ. ಘಟನೆಯ ದಿನ: ಶನಿವಾರ, ಮಧ್ಯಾಹ್ನ ಎರಡು ಗಂಟೆ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತಾನೇನು ಮಾಡುತ್ತಿದ್ದೆ ಎಂದು ಶಶಿಪ್ರಭಾ ನೆನಪು ಮಾಡಿಕೊಂಡಳು. ಮೈಕು ಹಂಚಿನಿಂದ ಹತ್ತು ಸೆಂಟಿಮೀಟರ್ ದೂರವಿರಬೇಕೋ ಹನ್ನೆರಡೋ ಎಂದು ಅಳೆಯುತ್ತಿದ್ದಳು. ಗುರುವಾರವೇ ಪತ್ರ ಹೋಗಿದ್ದರೆ ಶನಿವಾರದೊಳಗೆ ಆ ಮಗುವಿನ ಚಾಪೆಯನ್ನು ಯಾರಾದರೂ ಆಚೆಗೆ ಎಳೆಯುತ್ತಿದ್ದರು ಎಂದು ಖಚಿತವಾಗಿ ಹೇಳಲಾಗದು. ಎಳೆಯುತ್ತಿರಲಿಲ್ಲ ಎಂದೂ ಹೇಳಲಾಗದು. ನಾಲ್ಕು ವರ್ಷದ ಹಿಂದಿನ ‘ಇಲ್ಲ’ಕ್ಕೆ ಅವಸರ, ಪೇಟೆಂಟು, ದೇಶ ಎಂದು ಏನಾದರೂ ಹೆಸರು ಕೊಡಬಹುದಿತ್ತು. ಈ ಮೂರು ದಿನಕ್ಕೆ ಅವಳಿಗೆ ಯಾವ ಹೆಸರೂ ಸಿಗಲಿಲ್ಲ.

ಪತ್ರ ಬರೆಯಲು ಇಪ್ಪತ್ತು ನಿಮಿಷ ಸಾಕಾಯಿತು. ಮಂಡಳಿಗೆ ಒಂದು ಪ್ರತಿ, ಮಕ್ಕಳ ಇಲಾಖೆಗೆ ಒಂದು, ನಿರ್ದೇಶಕರಿಗೆ ಒಂದು. ಘೋಷಣಾಪತ್ರದಲ್ಲಿ ತಾನು ಬರೆದ ಉತ್ತರ ಸುಳ್ಳು; ಬರೆಯುವಾಗ ಅದು ತನಗೆ ಗೊತ್ತಿತ್ತು; ಮಾಡಿನ ಮೇಲಿರುವ ನೂರರಲ್ಲಿ ಸುಮಾರು ಹನ್ನೊಂದು ಹಂಚು ಈ ಬೇಸಿಗೆಯಿಂದ ಒಡೆಯತೊಡಗುತ್ತವೆ; ಮಕ್ಕಳನ್ನು ಅವುಗಳ ಕೆಳಗಿನಿಂದ ಇಂದೇ ಸರಿಸಬೇಕು.

ಒಪ್ಪಂದದ ಸಹಿ ಮುಂದಕ್ಕೆ ಹೋಯಿತು, ಅಂದರೆ ನಿಂತಿತು. ಒಂಬತ್ತು ಕಡತಗಳ ಗತಿ ನಿರ್ದೇಶಕರು ಹೇಳಿದಂತೆಯೇ ಆಯಿತು. ಶಶಿಪ್ರಭಾಳನ್ನು ವಿಭಾಗದ ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ವಿಚಾರಣೆಗೆ ಆದೇಶವಾಯಿತು. ವಿಚಾರಣೆ ಮುಗಿಯುವವರೆಗೆ ಹಂಚು ಪರೀಕ್ಷೆಗೆ ನೆರವಾಗಬೇಕೆಂದು ಅದೇ ಆದೇಶದ ಕೊನೆಯ ಸಾಲಿನಲ್ಲಿತ್ತು. ಸಾಬಮ್ಮನ ಕಣ್ಣು ಉಳಿಯಿತು. ಹಣೆಯ ಗುರುತು ಉಳಿಯುತ್ತದೆ ಎಂದರು ವೈದ್ಯರು.

ಮೇ ಮೊದಲ ವಾರ ಹಿರೇಬನ್ನಿಯಲ್ಲಿ ಮಾಡು ಬಿಚ್ಚಿದರು. ಸೆರಫಿನ್ ಬಾಯಿ ಹಳೆ ಕಾರ್ಖಾನೆಯ ಮೂವರು ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದರು. ಯಾದಗಿರಿ ಬಿಸಿಲನ್ನು ಕೊಂಕಣಿಯಲ್ಲಿ ಬೈಯುತ್ತ ನಾನೂರ ಎಂಬತ್ತು ಹಂಚನ್ನು ತಟ್ಟಿದರು. ಐವತ್ತೇಳು ಎಡಕ್ಕೆ, ನಾನೂರ ಇಪ್ಪತ್ತಮೂರು ಬಲಕ್ಕೆ. ಒಳ್ಳೆಯದನ್ನು ಸಂಜೆಯೊಳಗೆ ವಾಪಸು ಹೊದಿಸಬಹುದು ಎಂದರು. ಹಾಗಾಗುವುದಿಲ್ಲ ಎಂದ ಇಲಾಖೆಯ ಅಧಿಕಾರಿ. ಪ್ರಮಾಣೀಕರಿಸಿದ ಯಂತ್ರ ಬಂದು ನೋಡುವವರೆಗೆ ಒಂದು ಹಂಚನ್ನೂ ಮೇಲೆ ಹಾಕುವಂತಿಲ್ಲ. ಯಂತ್ರ ಜುಲೈಗೆ ಬರುತ್ತದೆ.

“ಜುಲೈಗೆ ಮಳೆ ಬರ್ತದೆ ಮಾರಾಯ್ರೆ” ಎಂದರು ಬಾಯಿ. “ನಾನು ಯಂತ್ರಕ್ಕಿಂತ ಮೊದ್ಲೇ ಬಂದದ್ದು ತಪ್ಪಾಯ್ತಾ?”

ಅಧಿಕಾರಿ ಕಾಗದ ತೋರಿಸಿದ. ಒಳ್ಳೆಯ ಹಂಚುಗಳು ಗೋಡೆಯ ಮಗ್ಗುಲಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಂಡು ನಿಂತವು. ಮಾಡಿಗೆ ತಗಡಿನ ಶೀಟು ಬಂತು.

ಮಧ್ಯಾಹ್ನದ ಹೊತ್ತಿಗೆ ತಗಡಿನ ಕೆಳಗೆ ನಲವತ್ತೆರಡು ಡಿಗ್ರಿ. ಶಶಿಪ್ರಭಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಮಕ್ಕಳು ಮಲಗಲಿಲ್ಲ, ಅಂಗಿ ಕಿತ್ತೆಸೆದು ಚಾಪೆಯಿಂದ ಚಾಪೆಗೆ ಹೊರಳಾಡಿದವು, ಒಂದರ ಅಳು ಇನ್ನೊಂದಕ್ಕೆ ಹತ್ತಿತು. ದೇವಕ್ಕ ಗಾಯದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದರಲ್ಲಿ ಮುರುಕು ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಶಶಿಪ್ರಭಾ ಅವಳ ಎದುರು ಕುಳಿತಳು.

“ದೇವಕ್ಕಾ, ಇದು ಮಂಗನ ತಪ್ಪಲ್ಲ, ಗಾಳಿಯದ್ದೂ ಅಲ್ಲ. ನನ್ನದು. ಹಂಚಿನಲ್ಲಿ ದೋಷ ಬರ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಬರೀಲಿಲ್ಲ.”

ರಟ್ಟು ನಿಂತಿತು. ದೇವಕ್ಕ ಬೈಯಬಹುದು, ಅಳಬಹುದು, ಹೋಗಲಿ ಬಿಡಿ ಎನ್ನಬಹುದು. ಮೂರಕ್ಕೂ ಶಶಿಪ್ರಭಾ ದಾರಿಯುದ್ದಕ್ಕೂ ಮನಸ್ಸು ಸಿದ್ಧ ಮಾಡಿಕೊಂಡು ಬಂದಿದ್ದಳು.

“ನನ್ನ ಹೆಗಲಾ ಕೂಡ್ತೈತ್ರಿ, ಅದರ ಮಾತ್ ಬ್ಯಾಡ” ಎಂದಳು ದೇವಕ್ಕ. “ಈ ಹುಡುಗರ ಬ್ಯಾಸಗಿ ಯಾರ್ ಕೊಡ್ತೀರಿ?” ಕೈಯಲ್ಲಿದ್ದ ರಟ್ಟನ್ನು ಅವಳ ಮಡಿಲಿಗೆ ಎಸೆದು, ತಾನು ಗೋಡೆಗೆ ಒರಗಿಸಿದ್ದ ಹಾಜರಿ ಪುಸ್ತಕ ಎತ್ತಿಕೊಂಡಳು. “ಸುಮ್ನ ಕುಂತೀರಲ್ಲ, ಆ ಸಾಲಿಗೆ ಗಾಳಿ ಹಾಕ್ರಿ.”

ಶಶಿಪ್ರಭಾ ಗಾಳಿ ಹಾಕಿದಳು. ಅವಳ ಸಾಲಿನಲ್ಲಿ ಏಳು ಮಕ್ಕಳಿದ್ದವು. ತೀರ ಹತ್ತಿರದ್ದು ಎರಡು ವರ್ಷದ ಕೂಸು. ಕುತ್ತಿಗೆಯ ಮಡಿಕೆಯಲ್ಲಿ ಕೆಂಪು ಗುಳ್ಳೆಗಳು ಆಗಲೇ ಏಳತೊಡಗಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅದರ ರೆಪ್ಪೆಗಳು ಭಾರವಾಗಿ ಮುಚ್ಚಿದವು. ಅವಳು ಒಂದು ಗಳಿಗೆ ಕೈ ನಿಲ್ಲಿಸಿದಳು. ಕೂಸು ಮುಖ ಹಿಂಡಿ, ಬಾಯಿ ತೆರೆದು, ಅಳಲು ಉಸಿರೆಳೆದುಕೊಂಡಿತು. ಅವಳು ಅವಸರದಿಂದ ಮತ್ತೆ ಬೀಸಿದಳು. ಅದು ನಿದ್ದೆಗೆ ಜಾರಿತು.

ನಾಲ್ಕು ಗಂಟೆಯವರೆಗೆ ಮಕ್ಕಳು ಮಲಗುವ ಹೊತ್ತು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಅವಳು ರಟ್ಟನ್ನು ಎಡಗೈಗೆ ಬದಲಿಸಿಕೊಂಡಳು.